ಪಂಪು ಹೋಯಿತು, ತೂತು ಉಳಿಯಿತು

ಮಾರತ್ತಹಳ್ಳಿ ಸೇತುವೆಯ ಹತ್ತಿರ ಸಿಗ್ನಲ್ ಕೆಂಪಾಗಿತ್ತು. ಟ್ರಾಫಿಕ್ ಪೊಲೀಸರೊಬ್ಬರು ಬಂದು ನಮ್ಮ ಕಾರಿನ ಬಲಗಡೆಯ ಗಾಜನ್ನು ಟಕಟಕ ಬಡಿದರು. ಆ ಸೀಟಿನಲ್ಲಿ ನನ್ನ ಅತ್ತೆ ಶಾರದಮ್ಮ ಕೂತಿದ್ದರು. ಮಡಿಲಲ್ಲಿ ಮಲ್ಲಿಗೆ ಮೊಗ್ಗಿನ ರಾಶಿ, ಬೆರಳಲ್ಲಿ ದಾರ, ಕಣ್ಣು ಪೂರ್ತಿ ಹೂವಿನ ಮೇಲೆ.

ಅತ್ತೆ ಎರಡು ಬೆರಳಷ್ಟು ಗಾಜು ಇಳಿಸಿದರು.

"ಏನಮ್ಮಾ ಇದು, ಗಾಡಿ ಓಡಿಸ್ತಾ ಹೂ ಕಟ್ತಿದ್ದೀರಲ್ಲ! ಸ್ಟೇರಿಂಗ್ ಎಲ್ಲಮ್ಮಾ?"

"ನಮ್ಮ ಅಳಿಯಂದ್ರ ಹತ್ರ ಇದೆಯಪ್ಪಾ," ಎಂದು ಅತ್ತೆ ಮತ್ತೆ ಗಾಜು ಏರಿಸಿದರು. ಧೂಳು ಅಂದರೆ ಅವರಿಗೆ ಆಗದು.

ಪೊಲೀಸಪ್ಪ ಬಗ್ಗಿ ನೋಡಿದರು. ಎಡಗಡೆ ಕೂತು ಹಲ್ಲು ಕಿರಿಯುತ್ತಿದ್ದ ನಾನು ಅವರ ಕಣ್ಣಿಗೆ ಬಿದ್ದೆ. ಅವರೂ ನಕ್ಕು ಮುಂದೆ ಹೋದರು.

ಹೌದು, ನನ್ನ ಕಾರಿನ ಸ್ಟೇರಿಂಗ್ ಎಡಗಡೆ. ಎಪ್ಪತ್ತರ ದಶಕದ ಜಪಾನ್ ಕಾರು. ಅಮೆರಿಕದಲ್ಲಿದ್ದ ಡಾಕ್ಟರೊಬ್ಬರು ಊರಿಗೆ ಮರಳುವಾಗ ಹಡಗಿನಲ್ಲಿ ತಂದಿದ್ದು, ಕೈಯಿಂದ ಕೈಗೆ ದಾಟಿ ಕೊನೆಗೆ ಸಿಂಗಸಂದ್ರದ ನಮ್ಮ ಮನೆಗೆ ಬಂತು. (ನನಗೂ ಕಾರಿಗೂ ಆದ ಈ ಮದುವೆಗೆ ನನ್ನ ಹೆಂಡತಿ ವಸುಧಾಳ ಒಪ್ಪಿಗೆ ಇರಲಿಲ್ಲ.) ನಮಗೆ ಕಾರು ಬೇಕಿದ್ದದ್ದು ಮುಖ್ಯವಾಗಿ ಭಾನುವಾರಕ್ಕೆ. ಅತ್ತೆಯ ತಂಗಿ ಲಲಿತಮ್ಮ ಇರುವುದು ಹೂಡಿಯಲ್ಲಿ. ಪ್ರತಿ ಭಾನುವಾರ ಅಕ್ಕತಂಗಿಯರು ಕೂತು ಸಂಜೆಯವರೆಗೆ ರಮ್ಮಿ ಆಡಬೇಕು. ಆಟದಲ್ಲಿ ಇಬ್ಬರೂ ಹುಲಿಗಳು. ನಾನು ಡ್ರೈವರ್.

ಈಗ ವಿಷಯಕ್ಕೆ ಬರುತ್ತೇನೆ.

ಅಮೆರಿಕದವರಿಗೆ ಆ ಕಾಲಕ್ಕೇ ಹೊಗೆಯ ಚಿಂತೆ ಶುರುವಾಗಿತ್ತಂತೆ. ಎಂಜಿನ್ನಿನಿಂದ ಹೊರಬೀಳುವ ಬಿಸಿ ಹೊಗೆಗೆ ತಾಜಾ ಗಾಳಿ ಊದಿ, ಅರೆಬರೆ ಉರಿದದ್ದನ್ನು ಪೂರ್ತಿ ಉರಿಸಲು ಒಂದು ಪಂಪು ಇಟ್ಟಿದ್ದರು. ಆ ಪಂಪಿನಿಂದ ಹೊರಟ ನಾಲ್ಕು ಸಣ್ಣ ಕೊಳವೆಗಳು ಹೊಗೆ ಹೋಗುವ ದಾರಿಗೇ ಸೇರಿದ್ದವು. ಒಳ್ಳೆಯ ಉದ್ದೇಶವೇ. ಆದರೆ ಮೂವತ್ತು ವರ್ಷ ದುಡಿದ ಪಂಪು ಈಗ ನಾಯಿಯಂತೆ ಊಳಿಡುತ್ತಿತ್ತು. ಬೇರೆ ಪಂಪು ಎಲ್ಲೂ ಸಿಗಲಿಲ್ಲ.

"ಇದ್ಯಾಕ್ ಸಾರ್ ಬೇಕು? ನಮ್ಮೂರಿನ ಹಳೇ ಗಾಡಿಗಳಲ್ಲಿ ಇದೆಲ್ಲಾ ಎಲ್ಲಿತ್ತು? ಬಿಚ್ಚಾಕ್ಬಿಡೋಣ," ಅಂದ ನಮ್ಮ ಮೆಕ್ಯಾನಿಕ್ ನಯಾಜ್.

"ಬಿಚ್ಚು," ಅಂದೆ.

ಪಂಪು ಹೊರಗೆ ಬಂತು. ಕಾರು ಹಗುರವಾಯಿತು, ಊಳು ನಿಂತಿತು, ನನಗೆ ಸಂತೋಷವಾಯಿತು. ಪಂಪನ್ನು ಹಿಡಿದಿದ್ದ ಪಟ್ಟಿಗಳು, ಬೆಲ್ಟ್ ಸುತ್ತುವ ಚಕ್ರ, ಕೊಳವೆಗಳು ಮಾತ್ರ ಅಲ್ಲೇ ಉಳಿದವು.

"ಇವೇನು ಮಾಡೋದು?"

"ಕೊಳವೆ ಬಾಯಿ ಬಡ್ದು ಮುಚ್ಚಿದ್ದೀನಿ ಸಾರ್. ಏನೂ ಆಗಲ್ಲ."

ಏನೂ ಆಗಲ್ಲ! ಈ ಎರಡು ಪದಗಳ ಮೇಲೆಯೇ ಅರ್ಧ ಬೆಂಗಳೂರು ನಿಂತಿದೆ, ಅಲ್ಲವೇ? (ಎಮಿಷನ್ ಟೆಸ್ಟ್ ಕೂಡ ಪಾಸಾಯಿತು. ಅವರು ಯಂತ್ರದ ಮೂಗು ತೂರಿಸುವುದು ಹಿಂದಿನ ಪೈಪಿಗೆ ತಾನೇ?)

ಕೆಲವು ವಾರಗಳ ನಂತರ ಅತ್ತೆ ಕಾರಿನಲ್ಲಿ ಮೂಗು ಮುಚ್ಚಿಕೊಳ್ಳತೊಡಗಿದರು. "ಸೀಮೆಎಣ್ಣೆ ಸ್ಟವ್ ಆರಿಸ್ದಾಗ ಬರತ್ತಲ್ಲ, ಆ ಥರ ವಾಸನೆ."

"ಹಳೇ ಕಾರಲ್ವಾ ಅತ್ತೆ, ಹಾಗೇ ಇರುತ್ತೆ," ಅಂದೆ.

"ಅಮ್ಮಂಗೆ ಎಲ್ಲದ್ರಲ್ಲೂ ವಾಸನೆ," ಅಂದಳು ವಸುಧಾ.

ಆಮೇಲೆ ಅತ್ತೆಗೆ ತಲೆನೋವು ಶುರುವಾಯಿತು. ಹೂಡಿ ತಲುಪುವಷ್ಟರಲ್ಲಿ ಸಣ್ಣಗೆ, ಮನೆಗೆ ಮರಳುವಷ್ಟರಲ್ಲಿ ಜೋರಾಗಿ. ಡಾಕ್ಟರು ಬಿಪಿ ನೋಡಿದರು, ಸರಿಯಾಗಿತ್ತು. ಕನ್ನಡಕ ಬದಲಿಸಿ ಅಂದರು. ಬದಲಿಸಿದೆವು. ಭಾನುವಾರದ ತಲೆನೋವು ಮಾತ್ರ ಬದಲಾಗಲಿಲ್ಲ.

ಹೂಡಿಗೆ ಹೋದಾಗ ಮಾತ್ರ ತಲೆ ನೋಯುವುದು ಏಕೆ? ಅತ್ತೆ ತಾವೇ ಒಂದು ಉತ್ತರ ಕಂಡುಕೊಂಡರು. ಅದನ್ನು ಫೋನಿನಲ್ಲಿ ತಂಗಿಗೆ ಹೇಳಿಯೂಬಿಟ್ಟರು.

"ನಿಮ್ಮನೆಗೆ ಬಂದಾಗ್ಲೆಲ್ಲ ತಲೆ ಸಿಡಿಯತ್ತೆ ಕಣೇ ಲಲಿತಾ. ಆ ಚಿಕೋರಿ ಕಾಫೀದೇ ಕೆಲಸ."

ಸ್ಪೀಕರ್ ಹಾಕದೆಯೂ ಲಲಿತಮ್ಮನವರ ದನಿ ನಮಗೆಲ್ಲ ಕೇಳಿಸಿತು. "ಇಷ್ಟು ವರ್ಷ ಕುಡಿದ ಕಾಫಿ ಈಗ ವಿಷ ಆಯ್ತಾ ಅಕ್ಕಾ? ಬರೋಕೆ ಇಷ್ಟ ಇಲ್ಲ ಅಂತ ನೇರವಾಗಿ ಹೇಳು!"

ಫೋನು ಕಟ್ಟಾಯಿತು. ಭಾನುವಾರಗಳೂ ಕಟ್ಟಾದವು. ಅತ್ತೆ ಮನೆಯಲ್ಲೇ ಇಸ್ಪೀಟು ಹರಡಿಕೊಂಡು ಎರಡೂ ಕಡೆಯ ಆಟ ತಾವೇ ಆಡತೊಡಗಿದರು. ಗೆದ್ದರೂ ಮುಖ ಸಪ್ಪಗೆ. ತಲೆನೋವಂತೂ ನಿಂತಿತ್ತು. ಅದರಿಂದ ಚಿಕೋರಿಯ ಮೇಲಿನ ಆರೋಪ ಇನ್ನಷ್ಟು ಗಟ್ಟಿಯಾಯಿತು.

ಹೀಗಿರುವಾಗ ಒಂದು ಶನಿವಾರ ಮಧ್ಯಾಹ್ನ ಕೆಲಸದ ಮೇಲೆ ವೈಟ್‌ಫೀಲ್ಡ್ ಕಡೆ ಒಬ್ಬನೇ ಹೋಗಿದ್ದೆ. ವಾಪಸು ಬರುವಾಗ ದೊಡ್ಡನೆಕ್ಕುಂದಿಯ ಹತ್ತಿರ ಧೋ ಎಂದು ಮಳೆ. ರಸ್ತೆ ತುಂಬ ವಾಹನ, ಯಾವುದೂ ಅಲ್ಲಾಡುತ್ತಿಲ್ಲ. ಸಾಮಾನ್ಯವಾಗಿ ಮೊಣಕೈ ಹೊರಗಿಟ್ಟು, ಗಾಜು ಇಳಿಸಿಯೇ ಓಡಿಸುವವನು ನಾನು. ಹಿಂದೆ ಕೂರುವ ವಸುಧಾಳಿಗೂ ಗಾಳಿ ಬೇಕು. ಅವತ್ತು ಮಾತ್ರ ಎಲ್ಲ ಗಾಜು ಏರಿಸಿದ್ದೆ.

ಮೊದಲು ಹಣೆ ಭಾರವಾಯಿತು. ಆಮೇಲೆ ಮುಂದಿನ ಬಸ್ಸಿನ ಕೆಂಪು ದೀಪ ಎರಡೆರಡಾಗಿ ಕಂಡಿತು. ಹೇಗೋ ಒಂದು ಫ್ಯಾಕ್ಟರಿ ಗೇಟಿನ ಮುಂದೆ ಕಾರು ನಿಲ್ಲಿಸಿ, ಕೆಳಗಿಳಿದು, ಮಳೆಯಲ್ಲೇ ವಾಂತಿ ಮಾಡಿಕೊಂಡೆ.

"ಏನ್ ಸಾರ್, ಮಧ್ಯಾಹ್ನಾನೇ?" ಅಂದ ಗೇಟಿನ ಸೆಕ್ಯುರಿಟಿಯವನು.

ತಣ್ಣನೆಯ ಗಾಳಿಗೆ ತಲೆ ಸ್ವಲ್ಪ ತಿಳಿಯಾದಾಗ ಒಂದು ವಿಷಯ ಹೊಳೆಯಿತು. ನಾನು ಲಲಿತಮ್ಮನವರ ಕಾಫಿ ಕುಡಿದು ತಿಂಗಳಾಗಿತ್ತು!

ಬಾನೆಟ್ ಎತ್ತಿದೆ. ಎಂಜಿನ್ ಇನ್ನೂ ಓಡುತ್ತಿತ್ತು. ನಯಾಜ್ ಬಡಿದು ಮುಚ್ಚಿದ್ದ ಕೊಳವೆಗಳಲ್ಲಿ ಒಂದು ಕಾವಿಗೆ ಬಾಯಿ ಬಿಟ್ಟುಕೊಂಡು ಪುಸ್ ಪುಸ್ ಎಂದು ಎಂಜಿನ್ನಿನ ವಿಷದ ಹೊಗೆ ಉಗುಳುತ್ತಿತ್ತು. ಅದರ ಎದುರಿಗೇ, ಕಾರಿನೊಳಗೆ ಗಾಳಿ ಬರುವ ಕಿಂಡಿ. ಆ ಕಿಂಡಿಯ ಗಾಳಿ ನೇರ ಬೀಸುವುದು ಬಲಗಡೆಯ ಸೀಟಿಗೆ.

ಆಗ ನೆನಪಾಯಿತು. ಕೊನೆಯ ಸಲ ಹೂಡಿಯಿಂದ ಬರುವಾಗ ಅತ್ತೆ ಹೂ ಕಟ್ಟುತ್ತ ಕಟ್ಟುತ್ತ ನಿದ್ದೆ ಹೋಗಿದ್ದರು. ಪಾಪ, ಆಡಿ ಆಡಿ ಸುಸ್ತಾಗಿದೆ ಎಂದು ನಾನೂ ವಸುಧಾಳೂ ಮಾತು ತಗ್ಗಿಸಿದ್ದೆವು. ಅವತ್ತು ರಸ್ತೆ ಇನ್ನೊಂದಿಷ್ಟು ಹೊತ್ತು ಕಟ್ಟಿಕೊಂಡಿದ್ದರೆ? ಎಲ್ಲ ಗಾಜೂ ಇಳಿಸಿ, ಮಳೆಯಲ್ಲಿ ನೆನೆಯುತ್ತಲೇ ಕಾರನ್ನು ಸೀದಾ ನಯಾಜ್ ಹತ್ತಿರ ಒಯ್ದೆ.

ನಯಾಜ್ ನೋಡಿದವನೇ ಬೆಪ್ಪಾದ. "ಅಮ್ಮ ಹೆಂಗವ್ರೆ ಸಾರ್?" ಎಂದು ಮೊದಲು ಕೇಳಿದ. ಆಮೇಲೆ ಪಟ್ಟಿ, ಚಕ್ರ, ಕೊಳವೆ ಎಲ್ಲವನ್ನೂ ಕಿತ್ತ. ಉಳಿದದ್ದು ನಾಲ್ಕು ತೂತು. ಅವಕ್ಕೆ ತಿರುಪಿ ಕೂರಿಸುವ ಗಟ್ಟಿ ಬಿರಡೆಗಳು ಬೇಕು. ಅಳತೆಯೋ, ನಮ್ಮ ಪೇಟೆಯಲ್ಲಿ ಯಾರೂ ಕಾಣದ್ದು.

ಅದಕ್ಕಾಗಿ ಪೀಣ್ಯಕ್ಕೆ ಹೋದೆ. ಲೋಹ ಕಡೆಯುವ ಲೇತ್ ಇಟ್ಟುಕೊಂಡಿದ್ದ ಬೆಳಗಾವಿ ಕಡೆಯ ಗುರುಪಾದಪ್ಪ ವಿಚಾರಿಸಿದರು. "ಎಷ್ಟ್ ಬೇಕ್ರೀ?"

"ನಾಲ್ಕು."

"ನಾಲ್ಕ್ ಸಾವಿರ ಏನ್ರೀ?"

"ಬರೀ ನಾಲ್ಕು."

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನಾಲ್ಕಕ್ಕ ಮಷಿನ್ ನಿಲ್ಲಸ್ಲೇನ್ರೀ?" ಅಂದರು. ಆಮೇಲೆ ಅತ್ತೆಯ ಕಥೆ ಕೇಳಿ ಎದ್ದು ಮಷಿನ್ ನಿಲ್ಲಿಸಿದರು. ಮೊದಲು ಮಾಡಿದ ನಾಲ್ಕೂ ಕಾರಿನ ತೂತಿಗೆ ಸಡಿಲ. ಅಳತೆಗೆಂದು ನಾನು ಒಯ್ದಿದ್ದ ಕೊಳವೆಯ ಹಳೆಯ ನಟ್ಟೇ ಸವೆದಿತ್ತು. ಅವರು ತಲೆ ಕೆರೆದುಕೊಂಡು ಮತ್ತೆ ಮಾಡಿದರು. ಎರಡನೆಯ ಸಲ ಕೂತವು.

ನಯಾಜ್ ಬಿರಡೆಗಳ ಸುತ್ತ ಸೋಪಿನ ನೀರು ಹಾಕಿ ಎಂಜಿನ್ ಶುರು ಮಾಡಿದ. ಒಂದು ಗುಳ್ಳೆಯೂ ಏಳಲಿಲ್ಲ. ಗಾಜು ಏರಿಸಿಕೊಂಡು ನಾವಿಬ್ಬರೇ ಅತ್ತಿಬೆಲೆಯವರೆಗೆ ಹೋಗಿಬಂದೆವು. ದಾರಿಯುದ್ದಕ್ಕೂ "ತಲೆ ನೋಯ್ತಿದ್ಯಾ?" ಎಂದು ಒಬ್ಬರನ್ನೊಬ್ಬರು ಕೇಳಿದ್ದೇ ಕೇಳಿದ್ದು.

(ಬೇರೆಯವರನ್ನು ಬೈಯುವ ಮೊದಲು ಹೇಳಿಬಿಡುತ್ತೇನೆ. ನಾನು ದುಡಿಯುವ ಎಲೆಕ್ಟ್ರಾನಿಕ್ ಸಿಟಿಯ ಆಫೀಸಿನಲ್ಲೂ ಇದೇ ಕೆಲಸ. ಸಾಫ್ಟ್‌ವೇರಿನಿಂದ ಒಂದು ಫೀಚರ್ ತೆಗೆಯುತ್ತೇವೆ, ಅದರ ಬಟನ್ ಹಾಗೇ ಬಿಡುತ್ತೇವೆ. ಯಾರೋ ಅದನ್ನು ಒತ್ತುತ್ತಾರೆ. ಫುಟ್‌ಪಾತಿನಲ್ಲಿ ಬೋರ್ಡು ಕಿತ್ತುಕೊಂಡು ಹೋಗಿ ಬೋಲ್ಟು ಬಿಟ್ಟವರಿಗೂ ನಮಗೂ ಏನು ವ್ಯತ್ಯಾಸ?)

ವಿಷಯ ತಿಳಿದ ಅತ್ತೆ ಮಾತ್ರ ಮತ್ತೆ ಆ ಕಾರು ಹತ್ತಲು ಒಪ್ಪಲಿಲ್ಲ. ಅದಕ್ಕೆ ನಾನೇ ಹೂಡಿಗೆ ಹೋಗಿ ಲಲಿತಮ್ಮನವರಿಗೆ ನಡೆದದ್ದೆಲ್ಲ ಹೇಳಿದೆ. "ಅಕ್ಕ ಕಾರಲ್ಲಿ ನಿದ್ದೆ ಮಾಡ್ಬಿಟ್ಟಿದ್ಲಾ?" ಎಂದು ಮೆಲ್ಲಗೆ ಕೇಳಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡು ಎದ್ದರು. "ನಡೀರಿ. ಅವಳ ಸೀಟಲ್ಲೇ ಕೂರ್ತೀನಿ. ಗಾಜೂ ಹಾಕ್ಕೋತೀನಿ."

ಸಿಂಗಸಂದ್ರದಲ್ಲಿ ಇಳಿದವರೇ ಸೀದಾ ಅಕ್ಕನ ಮುಂದೆ ನಿಂತರು. "ಹೂಡಿಯಿಂದ ಇಲ್ಲಿವರ್ಗೂ ಅದೇ ಕಾರು, ಅದೇ ಸೀಟು. ಹೊರಡೋವಾಗ ಎರಡು ಲೋಟ ಕಾಫೀನೂ ಕುಡಿದಿದ್ದೀನಿ. ನಂಗೆ ತಲೆನೋವಿಲ್ಲ ಅಕ್ಕಾ. ಈಗ ಹೇಳು, ತಪ್ಪು ಯಾರದು?"

"ಅಳಿಯಂದ್ರದು ಕಣೇ," ಅಂದರು ಅತ್ತೆ, ತಂಗಿಯ ಕೈ ಹಿಡಿದುಕೊಂಡು. "ನಾನು ವಾಸನೆ ಅಂತ ಬಡ್ಕೊಂಡೆ. ಇವ್ರು ನಂಗೆ ಕನ್ನಡಕ ಕೊಡ್ಸಿದ್ರು."

ವಸುಧಾ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ಒಳಗೆ ಅಕ್ಕತಂಗಿ ಆಗಲೇ ಇಸ್ಪೀಟಿನ ಎಲೆ ಹಂಚುತ್ತಿದ್ದರು.

ನಿಮ್ಮ ಮನೆಯ ಹಿರಿಯರು "ಏನೋ ವಾಸನೆ" ಅಂದರೆ ನೀವು ಮೊದಲು ಪರೀಕ್ಷಿಸುವುದು ಯಾರನ್ನು, ಸ್ವಾಮಿ?