ಗುಡ್ಡದ ಮೇಲೆ ಅಂದ ‘ಹೂಂ’

ಅರ್ಥವಾಗದ ಮಾತಿಗೆ ನೀವು ಎಂದಾದರೂ ‘ಹೂಂ’ ಅಂದಿದ್ದೀರಾ? (ಬ್ಯಾಂಕಿನವರ ಫೋನ್ ಬಿಡಿ.) ಕೆಂಚಮ್ಮ ಅಂದುಬಿಟ್ಟಿದ್ದಾಳೆ. ಅದೂ ಸಾಯುತ್ತಿದ್ದವನಿಗೆ.

ಮಧುಗಿರಿಯಿಂದ ಪಾವಗಡದ ದಾರಿಯಲ್ಲಿರುವ ನಮ್ಮ ಅತ್ತೆಯ ಊರಿನವಳು ಕೆಂಚಮ್ಮ. ಕುರಿ ಕಾಯುತ್ತಾಳೆ. ಎರಡು ತಿಂಗಳ ಹಿಂದೆ, ಮಂಜು ಕವಿದ ಬೆಳಿಗ್ಗೆ, ಪುಟ್ಟ ಕಾರ್ಗೋ ವಿಮಾನವೊಂದು ಊರ ಹಿಂದಿನ ಗುಡ್ಡಕ್ಕೆ ಬಡಿಯಿತು. ಮೊದಲು ತಲುಪಿದವಳು ಅವಳೇ. ಒಡೆದ ರಟ್ಟಿನ ಡಬ್ಬಗಳಿಂದ ಹೊರಬಿದ್ದ ಕೋಳಿಮರಿಗಳು ಬಂಡೆ ತುಂಬಾ ಚಿಂವ್‌ಗುಟ್ಟುತ್ತಿದ್ದವಂತೆ. ಮಂಜಿನಲ್ಲಿ ಮರಿ ಕಾಣವು, ದನಿ ಮಾತ್ರ.

(ಆಮೇಲೆ ಆ ಮರಿಗಳ ವಿಡಿಯೋ ನಮ್ಮ ಗ್ರೂಪಿಗೂ ಬಂತು. ನಾನೂ ಫಾರ್ವರ್ಡ್ ಮಾಡಿದೆ.)

ಆ ಚಿಂವ್‌ಗುಟ್ಟುವಿಕೆಯ ನಡುವೆ ಮನುಷ್ಯನ ದನಿಯೊಂದಿತ್ತು. ಪೈಲಟ್. ಒಬ್ಬನೇ.

“ತಲೆ ನನ್ ತೊಡೆ ಮ್ಯಾಲಿಟ್ಕಂಡೆ ಕಣಪ್ಪ. ಒಂದೇ ಮಾತ್ನ ತಿರ್ಗಾ ತಿರ್ಗಾ ಅಂದ. ಶಿರಾ ಸಂತೇಲಿ ಆಡೋ ಹಿಂದಿ ಕೇಳ್ದಂಗಿತ್ತು, ತಿಳೀನಿಲ್ಲ. ಹೂಂ ಅಂದೆ. ಆಮ್ಯಾಕೆ ಸುಮ್ಕಾದ,” ಅಂದಳು ಕೆಂಚಮ್ಮ, ನಾನು ಆ ಊರಿಗೆ ಹೋದಾಗ.

“ಏನಂದ?” ಅಂತ ಕೇಳಿದೆ.

ಕೆಂಚಮ್ಮ ಬಾಯಿ ತೆರೆದಳು. ಬಂದದ್ದು ಅವಳ ದನಿಯಲ್ಲ. ಉಸಿರು ಕಡಿದುಕೊಂಡು ಮಾತಾಡುವ, ಎಳೆಯ ಗಂಡಸಿನ ದನಿ. “ಮಾ ಕೋ ಮತ್ ಬತಾನಾ.”

“ಅಮ್ಮನಿಗೆ ಹೇಳಬೇಡಿ ಅಂತ,” ಎಂದೆ.

“ಅಯ್ಯೋ, ನಾನು ಹೂಂ ಅಂದ್ಬುಟ್ನಲ್ಲಪ್ಪ! ಭಾನ್ವಾರ ಅವ್ರಮ್ಮ ಬತ್ತವ್ಳಂತೆ!”

ಕೊನೆಗಾಲದಲ್ಲಿ ಮಗನ ಜೊತೆ ಇದ್ದವಳು ಇವಳು ಅಂತ ಪೊಲೀಸರಿಂದ ತಿಳಿದು ತಾಯಿ ಬಂದರು. ಹಿಂದಿ ಬಲ್ಲವನೆಂದು ನಾನೂ ಕೆಂಚಮ್ಮನ ಮನೆಗೆ ಹೋದೆ. ಅವಳಿಗೆ ಸುಳ್ಳೊಂದನ್ನು ಮೊದಲೇ ಹೇಳಿಕೊಟ್ಟಿದ್ದೆ. ನೀರು ಕೇಳಿದ, ಕುಡಿದ, ಹೋದ. ಅಷ್ಟೇ.

ತಾಯಿ ಕೆಂಚಮ್ಮನ ಕೈ ಹಿಡಿದು ಕೇಳಿದ್ದನ್ನು ಕನ್ನಡದಲ್ಲಿ ಹೇಳಿದೆ. “ಕೊನೆಗೆ ಏನಾದ್ರೂ ಅಂದನಾ?”

ಕೆಂಚಮ್ಮ ನೆಲ ನೋಡಿದಳು. ಬಾಯಿ ತೆರೆದಳು. ನನ್ನ ಸುಳ್ಳು ಹೊರಬರಲಿಲ್ಲ. ಆ ದನಿ ಬಂತು.

ತಾಯಿ ಅಳಲಿಲ್ಲ. ಯಾರೋ ಒಳಗೆ ಬಂದ ಹಾಗೆ ಬಾಗಿಲ ಕಡೆ ನೋಡಿದರು. ಆಮೇಲೆ ಅಂದದ್ದಿಷ್ಟೇ, ಇನ್ನೊಂದು ಸಲ ಹೇಳು.

ಮೊನ್ನೆ ಕೆಂಚಮ್ಮ ಸಿಕ್ಕಳು. ಆ ತಾಯಿ ದಿನಾ ಬೆಳಿಗ್ಗೆ ಫೋನ್ ಮಾಡುತ್ತಾರಂತೆ. ಆ ಮಾತು ಕೇಳಿ ಇಟ್ಟುಬಿಡುತ್ತಾರಂತೆ.

“ಈಗೀಗ ಫೋನ್ ಬರ್ದಿದ್ರೂವೆ ಅದೇ ಹೊತ್ಗೆ ಬಾಯಿ ತಾನೇ ಅಂದ್ಬುಡ್ತದೆ ಕಣಪ್ಪ,” ಅಂದಳು. “ಕುರಿಗಳು ಮೇಯೋದ್ ಬುಟ್ಟು ತಿರುಗಿ ನೋಡ್ತವೆ.”

ಈಗ ಹೇಳಿ, ಫೋನ್ ಎತ್ತಬೇಡ ಅಂತ ಇವಳಿಗೆ ಹೇಳಲೋ, ಮಾಡಬೇಡಿ ಅಂತ ಆ ತಾಯಿಗೆ ಹೇಳಲೋ?