ಒಂದೇ ಕೋಟಿನ ಚಾಚಾ

ಚಾಚಾನ ಬಲಗೈ ಬೆರಳುಗಳು ಎರಡನೇ ಗೆಣ್ಣಿನತನಕ ಕಪ್ಪಗಿದ್ದವು. ಹುಟ್ಟುಗಪ್ಪಲ್ಲ, ಫೋಟೋ ತೊಳೆಯುವ ಔಷಧಿಯ ಕಪ್ಪು. ಎಷ್ಟು ಸಬ್ಕಾರ ಹಚ್ಚಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಆ ಬೆರಳಿನಿಂದಲೇ ಅವರು ನನ್ನ ಗದ್ದ ಹಿಡಿದು ಮೇಲಕ್ಕೆತ್ತಿದಾಗ ನನಗೆ ಒಂಬತ್ತೋ ಹತ್ತೋ ವರ್ಷ. ಊರ ಹೊರಗಿನ ನಮ್ಮ ಕೇರಿಯ ಹುಡುಗನೊಬ್ಬನ ಗದ್ದ ಮುಟ್ಟಿದ ಪರರು ಅವರೇ ಮೊದಲು.

ನಿಜಾಮರ ಆಡಳಿತದ ಕೊನೆಯ ವರ್ಷಗಳು. ರಾಯಚೂರಿನ ತೀನ್ ಕಂದೀಲ್ ಹತ್ತಿರದ ಗಲ್ಲಿಯಲ್ಲಿ ಅವರ ತಗಡಿನ ಫೋಟೋ ಅಂಗಡಿ. ಊರೆಲ್ಲ ಅವರಿಗೆ ಚಾಚಾ ಅನ್ನುತ್ತಿತ್ತು. ಒಳಗೆ ಮೂರು ಕಾಲಿನ ಕ್ಯಾಮೆರಾ, ಹೂದೋಟ ಬರೆದ ಪರದೆ, ಒಂದು ಕುರ್ಚಿ, ಒಂದು ಕರಿ ಕೋಟು. ಗಂಡುಹುಡುಗರಿಗೆಲ್ಲ ಅದೊಂದೇ ಕೋಟು. ಅದರ ಬೆನ್ನನ್ನು ಉದ್ದಕ್ಕೂ ಸೀಳಿ ಲಾಡಿ ಹೊಲಿದಿದ್ದರು. ಐದು ವರ್ಷದವನೇ ಬರಲಿ, ಹದಿನೈದರವನೇ ಬರಲಿ, ಲಾಡಿ ಬಿಗಿದು ಕೂರಿಸಿಬಿಡುತ್ತಿದ್ದರು. ಮುಂದಿನಿಂದ ನೋಡಿದರೆ ನವಾಬರ ಮಗ, ಹಿಂದಿನಿಂದ ನೋಡಿದರೆ ಬರೀ ಬೆನ್ನು.

ಮೊಮ್ಮಕ್ಕಳಿಗೆ ಹೇಳಿದರೆ ನಗುತ್ತಾರೆ, ನಗಲಿ. ನಮಗೆ ಹುಡುಗತನ ಅಂತ ಬೇರೆ ಒಂದು ಇರಲಿಲ್ಲ. ಉಡದಾರದಲ್ಲಿ ಓಡಾಡುವ ವಯಸ್ಸು ಮುಗಿಯಿತೆಂದರೆ ಕೈಗೆ ದನದ ಹಗ್ಗ ಬರುತ್ತಿತ್ತು, ನನಗೂ ಬಂದಿತ್ತು. ಪೋತ್ನಾಳದ ಹತ್ತಿರದ ನಮ್ಮ ಹಳ್ಳಿಯ ಗೌಡರು ನನ್ನನ್ನು ಕರೆಯುತ್ತಿದ್ದದ್ದೇ 'ಲೇ' ಅಂತ. ನನಗೂ ಒಂದು ಹೆಸರಿದೆಯೆಂಬುದು ಅವ್ವನಿಗೆ ಮಾತ್ರ ನೆನಪಿದ್ದಂತಿತ್ತು. ರಾಯಚೂರಿನ ಹತ್ತಿ ಗಿರಣಿಯಲ್ಲಿ ಹಮಾಲಿ ಮಾಡುತ್ತಿದ್ದ ನನ್ನ ಸೋದರಮಾವ ಹಟ ಹಿಡಿದು ನನ್ನನ್ನು ಕರೆತಂದು ಸಾಲಿಗೆ ಹಾಕಿದ. ಉರ್ದು ಅಕ್ಷರ ತಿದ್ದುತ್ತ ಎರಡು ತಿಂಗಳು ಕಳೆದಿರಬೇಕು, ಅಪ್ಪ ಬಂದ.

"ಗೌಡ್ರು ದನ ಕಾಯಾಕ ಹುಡುಗ ಬೇಕಂತಾರ. ಇವನ್ನ ಕರಕೊಂಡು ಹೋಗಾಕ ಬಂದೀನಿ," ಅಂದ.

ಮಾವ ಜಗಳಾಡಿದ, ಕೈಮುಗಿದ, ಏನೂ ನಡೆಯಲಿಲ್ಲ. ಕೊನೆಗೆ, "ಆತು ಬಿಡು. ಹೋಗೋ ಮುಂದ ಒಂದು ಫೋಟೋನರ ತಗಸೂಣು. ಇವ ಸಾಲಿಗೆ ಹೋಗಿದ್ದ ಅಂತ ನಮ್ಮ ಅಕ್ಕಗ ಒಂದು ಗುರ್ತು ಇರಲಿ," ಅಂದ. ಹಾಗೆ ನಾನು ಅತ್ತು ಊದಿದ ಕಣ್ಣಲ್ಲೇ ಚಾಚಾನ ಕುರ್ಚಿ ಏರಿದೆ.

ನಗು ಅಂತ ಚಾಚಾ ಯಾರಿಗೂ ಹೇಳುತ್ತಿರಲಿಲ್ಲ. ಹೆಸರು ಕೇಳುತ್ತಿದ್ದರು.

"ನಿನ್ನ ಹೆಸರೇನು ಬೇಟಾ?"

ಗೊಣಗಿದೆ.

"ನನಗ ಕೇಳಸಲಿಲ್ಲ. ಗಲ್ಲಿಗೆಲ್ಲ ಕೇಳಬೇಕು, ಹಂಗ ಹೇಳು."

ಕೂಗಿದೆ. ಅಷ್ಟು ಜೋರಾಗಿ ನನ್ನ ಹೆಸರನ್ನು ನಾನೇ ಕೇಳಿರಲಿಲ್ಲ. "ಶಾಬಾಸ್. ಈಗ ಬಾಯಿ ಮುಚ್ಚು, ಅಳ್ಳಾಡಬ್ಯಾಡ," ಅಂದು ಕಪ್ಪು ಬೆರಳಿನಿಂದ ಕ್ಯಾಮೆರಾದ ಮುಚ್ಚಳ ತೆಗೆದು ಮತ್ತೆ ಹಾಕಿದರು.

ಬಾಗಿಲ ಬಳಿ ಬೆಂಚಿನ ಮೇಲೆ ದೇವದುರ್ಗದ ಕಡೆಯ ಸಾಹುಕಾರರೊಬ್ಬರು ಮಗನನ್ನು ಪಕ್ಕಕ್ಕೆ ಕೂರಿಸಿಕೊಂಡು ಸರದಿ ಕಾಯುತ್ತಿದ್ದರು. ಚಾಚಾ ನನ್ನ ಲಾಡಿ ಬಿಚ್ಚುವಾಗ ಅವರು ಅಪ್ಪನನ್ನು ವಿಚಾರಿಸಿದರು, ಯಾವೂರು, ಯಾರ ಪೈಕಿ ಅಂತ. ಅಪ್ಪ ಎದ್ದು ನಿಂತು ಇದ್ದದ್ದು ಹೇಳಿದ. ಸಾಹುಕಾರರ ಮುಖ ಗಂಟಾಯಿತು.

"ನನ್ನ ಮಗಗ ಆ ಕೋಟು ಬ್ಯಾಡ. ಬ್ಯಾರೆದ್ದು ತಗೀರಿ."

ಅಪ್ಪ ಆಗಲೇ ನನ್ನ ರಟ್ಟೆ ಹಿಡಿದು ಬಾಗಿಲ ಕಡೆ ಎಳೆಯುತ್ತಿದ್ದ. "ನೀ ನಿಲ್ಲಪ್ಪಾ," ಅಂದರು ಚಾಚಾ. ಆಮೇಲೆ ಸಾಹುಕಾರರನ್ನು ಗೋಡೆಯ ಹತ್ತಿರ ಕರೆದರು. ಗೋಡೆ ತುಂಬ ಹುಡುಗರ ಫೋಟೋ, ಎಲ್ಲರ ಮೈಮೇಲೂ ಅದೇ ಕೋಟು.

"ನನ್ನ ಹತ್ತಿರ ಇರೋದು ಒಂದ ಕೋಟು, ಸಾಹುಕಾರ್ರ. ಇದರಾಗ ಎಲ್ಲಾರ ಮಕ್ಕಳೂ ಕುಂತಾರ. ಇವರೊಳಗ ಕೇರಿ ಹುಡುಗ ಯಾರು, ತೋರಸ್ರಿ. ಸರಿ ತೋರಿಸಿದ್ರ ಇವತ್ತ ಹೊಸಾದು ಹೊಲಸ್ತೀನಿ."

ಸಾಹುಕಾರರು ಸಾಲು ಸಾಲಾಗಿ ನೋಡಿ, ಕಣ್ಣು ಗುಳಿಬಿದ್ದ ಒಬ್ಬ ಬಡಕಲು ಹುಡುಗನ ಮೇಲೆ ಗಟ್ಟಿಯಾಗಿ ಬೆರಳಿಟ್ಟರು. "ಇವ. ಮಾರಿ ನೋಡಿದ್ರ ಗೊತ್ತಾಗ್ತದ."

"ಅವರು ತಹಸೀಲ್ದಾರ್ ಸಾಹೇಬರ ಮೊಮ್ಮಗ. ಆವಾಗ ಜ್ವರ ಬಿಟ್ಟು ಎದ್ದಿದ್ರು."

ಸಾಹುಕಾರರ ಬೆರಳು ಸರಕ್ಕನೆ ಹಿಂದೆ ಬಂತು. "ಇನ್ನೊಂದ್ಸಲ ತೋರಸ್ರಿ," ಅಂದರು ಚಾಚಾ, ಬಹಳ ಮರ್ಯಾದೆಯಿಂದ. ಆ ಬೆರಳು ಮತ್ತೆ ಏಳಲಿಲ್ಲ. ಅಷ್ಟರಲ್ಲಿ ಅವರ ಮಗನೇ ಬೆಂಚು ಬಿಟ್ಟು ಬಂದು, ಕೋಟಿನ ತೋಳಿಗೆ ಕೈ ತೂರಿಸಿ, ಲಾಡಿ ಕಟ್ಟು ಅಂತ ನನ್ನ ಕಡೆಗೆ ಬೆನ್ನು ತಿರುಗಿಸಿ ನಿಂತ. ನಾನು ಚಾಚಾನ ಮುಖ ನೋಡಿದೆ. ಅವರು ಹೂಂ ಅಂದರು, ಕಟ್ಟಿದೆ. ಗಂಟು ಹಾಕುವಾಗ ಅವನ ಬೆನ್ನು ನನ್ನ ಬೆರಳಿಗೆ ತಾಗಿತು. ನನ್ನ ಬೆನ್ನಿನ ಹಾಗೆಯೇ ಬೆವೆತಿತ್ತು. ಮುಂದೆ ಎಷ್ಟೋ ಸಲ ಹಾರ ಹಾಕಿಸಿಕೊಂಡಿದ್ದೇನೆ, ಆ ಗಂಟು ಹಾಕಿದಾಗಿನ ಖುಷಿ ಯಾವ ಹಾರಕ್ಕೂ ಬಂದಿಲ್ಲ.

ಸಂಜೆಗೆ ಫೋಟೋ ಒಣಗಿತು. ಅಪ್ಪ ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದ. ಕೋಟು ತೊಟ್ಟ, ಗದ್ದ ಎತ್ತಿದ, ಈಗಷ್ಟೇ ತನ್ನ ಹೆಸರು ಹೇಳಿ ಬಾಯಿ ಮುಚ್ಚಿದ ಹುಡುಗ.

"ಯಪ್ಪಾ, ಹೊತ್ತಾತು. ಹೋಗೂಣೇನು?" ಅಂದೆ.

"ನೀ ಎಲ್ಲಿಗಿ ಬರ್ತಿ? ಇಲ್ಲೇ ಇರು, ಸಾಲಿ ಕಲಿ. ಹುಡುಗ ಎಲ್ಲಿ ಅಂತ ಗೌಡ್ರು ಕೇಳಿದ್ರ ಇದನ್ನ ತೋರಸ್ತೀನಿ." ಫೋಟೋವನ್ನು ರುಮಾಲಿನಲ್ಲಿ ಸುತ್ತಿಕೊಂಡ. ನನ್ನನ್ನು ಬಿಟ್ಟು ನನ್ನ ಫೋಟೋವನ್ನು ಊರಿಗೆ ಕರೆದುಕೊಂಡು ಹೋದ.

ಗೌಡರು ಸಿಟ್ಟಾದರು, ಅಪ್ಪನನ್ನು ಕೆಲವು ದಿನ ಕೆಲಸಕ್ಕೆ ಕರೆಯಲಿಲ್ಲ, ಆಮೇಲೆ ಕರೆದರು. ನಾನು ಓದಿದೆ, ಮಾನ್ವಿಯಲ್ಲಿ ಮಾಸ್ತರನಾದೆ. ಹೊಸದಾಗಿ ಸೇರಿದ ಪ್ರತಿಯೊಬ್ಬ ಹುಡುಗನಿಂದಲೂ ಮೊದಲ ದಿನ ಗಲ್ಲಿಗೆ ಕೇಳುವಂತೆ ಹೆಸರು ಹೇಳಿಸಿದೆ. ಚಾಚಾನನ್ನು ಕೊನೆಯ ಸಲ ಕಂಡಾಗ ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಯಾರು ಅಂದರು. ಅವರೇ ಕಲಿಸಿದ ಹಾಗೆ ಕೂಗಿ ಹೇಳಿದೆ. "ಶಾಬಾಸ್ ಬೇಟಾ, ಈಗ ಅಳ್ಳಾಡಬ್ಯಾಡ," ಅಂತ ಕೈ ಎತ್ತಿ, ಇಲ್ಲದ ಮುಚ್ಚಳವೊಂದನ್ನು ತೆಗೆದು ಮತ್ತೆ ಹಾಕಿದರು. ಬೆರಳು ಕಪ್ಪಗೇ ಇದ್ದವು. ಆ ತಿಂಗಳೇ ತೀರಿಕೊಂಡರು.

ಅಪ್ಪ ಫೋಟೋ ಒಯ್ದ ದಿನದ ಸುದ್ದಿ ನನಗೆ ಆಮೇಲೆ ಗೊತ್ತಾಯಿತು. ಅವ್ವ ಅದನ್ನು ತೂಗುಹಾಕಲು ಜಾಗ ಹುಡುಕಿದಳಂತೆ. ನಮ್ಮ ಗುಡಿಸಲಿನ ಗೋಡೆಗೆ ಇದ್ದದ್ದು ಒಂದೇ ಗೂಟ, ಅದರಲ್ಲಿ ನನ್ನ ದನದ ಹಗ್ಗ ತೂಗುತ್ತಿತ್ತು. ಅವ್ವ ಹಗ್ಗ ತೆಗೆದು ಒಲೆಗೆ ಹಾಕಿದಳು.