ಬಸ್ಸು ಹೊರಟ ಮೇಲೇ ಹತ್ತೋ ಗಂಡಸು

ಎಪ್ಪತ್ತು ದಾಟಿದ ಗಂಡಸೊಬ್ಬ ಪಂಚೆ ಎತ್ತಿ ಕಟ್ಕಂಡು, ಓಡೋ ಟ್ರಾಮಿನ ಮೈ ಬಡೀತಾ, ‘ಓಲ್ಡಾನ್! ಓಲ್ಡಾನ್!’ ಅಂತ ಅರಚ್ಕಂಡು ಅದ್ರ ಪಕ್ಕದಲ್ಲೇ ಓಡೋದನ್ನ ನೀವು ಯಾವತ್ತಾದ್ರೂ ನೋಡಿದೀರಾ?

ಸ್ವೀಡನ್ನಿನೋರು ಹೋದ ಬುಧವಾರ ನೋಡಿದ್ರು.

ಆ ಗಂಡಸು ನಾನೇ. ಟ್ರಾಮಿನ ಒಳಗೆ ನನ್ನ ಹೆಂಡ್ತಿ ಇದ್ಲು. ನಾನು ಆಚೆ ಇದ್ದೆ. ನಗಬೇಡಿ.

(ಸರಿ, ನಕ್ಕುಬುಡಿ. ತಡ್ಕಂಡ್ರೆ ಹೊಟ್ಟೆ ನೋಯ್ತದೆ.)

ಮಗಳು ಸವಿತಾ ಇಲ್ಲಿ ಗೋಥೆನ್‌ಬರ್ಗ್ ಅನ್ನೋ ಊರಲ್ಲಿ ನರ್ಸು. ನಾನೂ ನನ್ನ ಹೆಂಡ್ತಿ ಜಯಮ್ಮನೂ ಅವಳ ಮನೇಗೆ ಬಂದಿದೀವಿ ಅಂತ ಹೋದ ವಾರಾನೇ ಈ ಪೇಪರಲ್ಲಿ ನಿಮ್ಮತ್ರ ಜಂಬ ಕೊಚ್ಕಂಡಿದ್ದೆನಲ್ಲ. ಈ ಊರ ತುಂಬ ಟ್ರಾಮು. ಟ್ರಾಮು ಅಂದ್ರೆ ಇನ್ನೇನಿಲ್ಲ, ರೋಡಿನ ಮಧ್ಯ ಕಂಬಿ ಮೇಲೆ ಓಡೋ ಪುಟ್ಟ ರೈಲು. ಕಂಡಕ್ಟರ್ ಇಲ್ಲ. ಸೀಟಿ ಇಲ್ಲ. ‘ರೈಟ್’ ಇಲ್ಲ. ‘ಮುಂದೆ ನಡೀರಿ, ಒಳಗೆ ಫುಟ್ಬಾಲ್ ಆಡೋವಷ್ಟು ಜಾಗ ಐತೆ’ ಅನ್ನೋರಿಲ್ಲ. ಟಿಕೆಟ್ಟನ್ನ ಫೋನಲ್ಲಿ ನೀನೇ ತಗಂಡು ನಿನ್ನ ಜೇಬಲ್ಲೇ ಇಟ್ಕೋಬೇಕು. ಬಾಗ್ಲು ತಾನಾಗೇ ಮುಚ್ಕತದೆ.

ಈ ಕೊನೇ ಮಾತನ್ನ ಸವಿತಾ ಎರಡು ಸಲ ಹೇಳಿದ್ಲು. ನಾನು ಕೇಳುಸ್ಕಂಡಿರ್ಲಿಲ್ಲ. ನನಗೆ ಗಾಡಿ ಹತ್ತೋದು ಹೇಳ್ಕೊಡೋರು ಇನ್ನೂ ಹುಟ್ಟಿಲ್ಲ ಅನ್ನೋದು ನಿಮಗೆ ಗೊತ್ತಲ್ಲ!

“ಅಪ್ಪಾ, ನನಗೆ ಡ್ಯೂಟಿ ಇದ್ದಾಗ ಇಬ್ರೂ ಮನೇಲೇ ಇರಿ. ನೀನು ಅಮ್ಮನ್ನ ಎಲ್ಲಾದ್ರೂ ಕರ್ಕಂಡೋಗಿ ಕಳ್ದುಬುಡ್ತೀಯ,” ಅಂದ್ಲು ಮಗಳು.

“ಯಾರು, ನಾನಾ? ಸಂತೆ ದಿನ ಹುಣಸೂರು ಬಸ್ಟಾಂಡಲ್ಲಿ ಪಿರಿಯಾಪಟ್ಣದ ಬಸ್ಸು ಹತ್ತಿದೋನು ಕಣವ್ವ ನಿಮ್ಮಪ್ಪ. ಈ ಆಟದ ಸಾಮಾನು ಹತ್ತಕ್ಕಾಗಲ್ವಾ?”

“ಅದಕ್ಕೇ ಭಯ ನನಗೆ.”

“ಒಂದೇ ಒಂದು ಚಾನ್ಸ್ ಕೊಡು.”

ಕೊಟ್ಲು. ಆದ್ರೆ ಕಂಡಿಷನ್ ಹಾಕಿ ಕೊಟ್ಲು. “ಏನಾದ್ರೂ ಎಡವಟ್ಟಾಯ್ತು ಅಂದ್ರೆ ಊರಿಗೆ ಹೊರಡೋ ತಂಕ ನಾನಿಲ್ದೆ ಬಾಗ್ಲು ದಾಟಂಗಿಲ್ಲ.”

ಯೋಚ್ನೆ ಮಾಡಿ. ನಾಲ್ಕನೇ ಮಾಳಿಗೆ. ಟೀವಿ ಹಾಕಿದ್ರೆ ಅವ್ರ ಭಾಷೆ. ಪಕ್ಕದ ಮನೆಯೋನಿಗೆ ‘ಊಟ ಆಯ್ತಾ’ ಅಂದ್ರೆ ಬಾಗ್ಲು ಹಾಕ್ಕೋತಾನೆ. ಬೇಸಿಗೇಲಿ ಇಲ್ಲಿ ರಾತ್ರಿ ಹತ್ತಾದ್ರೂ ಹೊತ್ತು ಮುಳುಗಲ್ಲ. ಅಂಥ ಕಡೆ ವಾರಗಟ್ಲೆ ಒಳಗೇ ಕೂತ್ಕೊಳ್ಳೋದಾ? ಜೈಲಲ್ಲಿ ಇರೋನಿಗಾದ್ರೂ ಪಕ್ಕದಲ್ಲಿ ಮಾತಾಡಕ್ಕೊಬ್ಬ ಕಳ್ಳ ಇರ್ತಾನೆ.

ಬುಧವಾರ ಮಗಳು ಡ್ಯೂಟಿಗೆ ಹೋದ್ಲು. ಜಯಮ್ಮನಿಗೆ ಕೊತ್ತಂಬರಿ ಸೊಪ್ಪು ಬೇಕಿತ್ತು. ನಾಲ್ಕು ಸ್ಟಾಪು ಆಚೆ ಒಬ್ಬ ಅರಬ್ಬಿ ಸಾಬರ ಅಂಗಡೀಲಿ ಕಟ್ಟುಗಟ್ಲೆ ಸಿಗ್ತದೆ. ಇಬ್ರ ಟಿಕೆಟ್ಟೂ ನನ್ನ ಫೋನಿಗೇ ಹಾಕಿಸ್ಕಂಡು ಸ್ಟಾಪಿಗೆ ಬಂದ್ವಿ.

ಈ ಊರ ಜನ ಸ್ಟಾಪಲ್ಲಿ ಎಂಗೆ ನಿಲ್ತಾರೆ ಅಂತ ನೀವು ನೋಡ್ಬೇಕು. ಒಬ್ರಿಂದ ಒಬ್ರು ಒಂದು ಎತ್ತಿನ ಗಾಡಿ ಅಂತರ. ಮೊದಲ್ನೇ ದಿನ ನಾನು, ಇವ್ರೆಲ್ಲ ಒಂದೇ ಮನೆಯೋರು, ಜಮೀನು ಭಾಗದಲ್ಲಿ ಜಗಳ ಆಡ್ಕಂಡವ್ರೆ ಅಂದ್ಕಂಡಿದ್ದೆ.

ಟ್ರಾಮು ಬಂತು. ಮುಂದಿನ ಬಾಗ್ಲಿಂದ ನಾನು ನುಗ್ಗಿದೆ. ಕಿಟಕಿ ಪಕ್ಕದ ಎರಡು ಸೀಟಿನ ಮೇಲೆ ಟವೆಲ್ ಹಾಸಿದೆ. ಹಿಂದಿರುಗಿ ನೋಡ್ತೀನಿ, ಜಯಮ್ಮ ಕೆಳಗೇ ನಿಂತವ್ಳೆ, ‘ಅವ್ರೆಲ್ಲ ಹತ್ಲಿ’ ಅಂತ. ಇಳ್ದು ಬಂದು, “ಹತ್ತು, ಸೀಟು ಹಿಡ್ದಿದೀನಿ,” ಅಂತ ಅವಳನ್ನ ಹತ್ಸಿದೆ. ಅವ್ಳು ಹೋಗಿ ಟವೆಲ್ ಪಕ್ಕ ಕೂತ್ಲು.

ನಾನು ಕೆಳಗೇ ನಿಂತೆ.

ಯಾಕೆ ನಿಂತೆ ಅಂತ ಪಟ್ಣದೋರು ಕೇಳ್ಬೋದು. ನೀವು ಹುಣಸೂರು, ಪಿರಿಯಾಪಟ್ಣ, ಎಚ್.ಡಿ. ಕೋಟೆ, ಸರಗೂರಿನೋರು ಕೇಳಲ್ಲ. ನಮ್ಮ ಕಡೆ ಗಂಡಸಾದೋನು ನಿಂತ ಬಸ್ಸು ಹತ್ತುತಾನಾ? ಹೆಂಡ್ತಿ, ಮಕ್ಳು, ಚೀಲ, ಕೋಳಿ ಎಲ್ಲಾನೂ ಹತ್ಸಿ, ತಾನು ಕೆಳಗೆ ನಿಂತು ಎಲಡಿಕೆ ಹಾಕ್ಕಂಡು, ಡ್ರೈವರು ಗೇರ್ ಹಾಕಿ, ಬಸ್ಸು ಉರುಳಿ, ಬಸ್ಟಾಂಡಿನ ಗೇಟಿನ ತಂಕ ಹೋದ್ಮೇಲೆ, ನಾಕೆಜ್ಜೆ ಓಡಿ, ಕಂಬಿ ಹಿಡ್ದು, ಠಣ್ ಅಂತ ಫುಟ್‌ಬೋರ್ಡ್ ಮೇಲೆ ಹಾರೋನೇ ಗಂಡಸು. ಡ್ರೈವರಿಗೂ ಗೊತ್ತು, ಕೆಳಗಿರೋರೂ ತನ್ನ ಪ್ಯಾಸೆಂಜರ್ರೇ ಅಂತ. ಕನ್ನಡೀಲಿ ಎಲ್ರನ್ನೂ ನೋಡ್ಕಂಡೇ ನಿಧಾನಕ್ಕೆ ತಿರುಗಿಸ್ತಾನೆ. ಹುಡುಗಾಟದ ವಯಸ್ಸಿಂದ ಈವತ್ತಿನ ತಂಕ ಒಂದು ಸಲಾನೂ ನಾನು ಕಂಬಿ ತಪ್ಪಿಸ್ಕಂಡೋನಲ್ಲ. ಬೇಕಾದ್ರೆ ನಮ್ಮೂರು ಬೆಟ್ಟದಪುರದಲ್ಲಿ ಯಾರನ್ನಾದ್ರೂ ಕೇಳಿ.

ನಾನು ಕೈಚಾಚಿ ರೆಡಿಯಾಗಿ ನಿಂತೆ. ಟ್ರಾಮು ಹೊರಡ್ಲಿ ಅಂತ.

ಹೊರಡ್ತು. ಬಾಗ್ಲು ಮುಚ್ಕಂಡು ಹೊರಡ್ತು. ಹಿಡಿಯಕ್ಕೆ ಕಂಬಿನೇ ಇಲ್ಲ ಕಣ್ರೀ! ನುಣ್ಣಗೆ, ಹೊಸ ಪಾತ್ರೆ ಇದ್ದಂಗೆ!

ನಮ್ಮ ಕಡೆ ಹೊರಟ ಬಸ್ಸೂ ಕಾಯ್ತದೆ. ಇಲ್ಲಿ ನಿಂತಿರೋ ಟ್ರಾಮೂ ಕಾಯಲ್ಲ.

ಓಡಿದೆ. ಬಡ್ದೆ. ಅರಚ್ದೆ. ಕಿಟಕಿ ಗಾಜಿನ ಒಳಗಿಂದ ಜಯಮ್ಮ ಕೈ ಆಡಿಸ್ತಾ ಏನೋ ಅಂದ್ಲು. ಟ್ರಾಮು ತಿರುವಲ್ಲಿ ಮಾಯ.

ಅವಳತ್ರ ಫೋನಿಲ್ಲ. ಟಿಕೆಟ್ ನನ್ನ ಜೇಬಲ್ಲಿ. ಇಂಗ್ಲಿಷ್ ಬರಲ್ಲ. ಸ್ವೆಟರ್ ಕೂಡ ನನ್ನ ಕೈಲಿರೋ ಚೀಲದಲ್ಲಿ. ಮಗಳಿಗೆ ಫೋನ್ ಮಾಡೋಣ ಅಂತ ಬೆರಳು ಇಟ್ಟೆ, ತಗದೆ. ಮಾಡಿದ್ರೆ ನಾಲ್ಕನೇ ಮಾಳಿಗೆ ಜೈಲು. ಮಾಡ್ದೆ ಇದ್ರೆ? ಸುಳ್ಳು ಯಾಕೆ ಹೇಳ್ಲಿ, ಭಯ ಆಯ್ತು. ಮದ್ವೆಯಾದಾಗಿಂದ ಎಷ್ಟು ಕೀಟ್ಲೆ ಮಾಡಿದೀನಿ ಅವಳಿಗೆ! ಹೊಗೆಸೊಪ್ಪು ಬೇಯ್ಸೋ ಬ್ಯಾರನ್ ಮನೆ ಒಳಗೆ ಬಚ್ಚಿಟ್ಕಂಡು ಹೆದರಿಸಿದೀನಿ, ಬಾವಿಗೆ ಕಲ್ಲು ಹಾಕಿ ‘ಬಿದ್ದೆ’ ಅಂತ ಕೂಗಿದೀನಿ. ಆದ್ರೆ ನಿಜವಾಗ್ಲೂ ಕೈ ಬುಟ್ಟೋನಲ್ಲ.

ಸ್ಟಾಪಲ್ಲಿ ನನ್ನ ವಾರಿಗೆಯ ಒಬ್ಬ ಹೆಂಗ್ಸು ನಿಂತಿತ್ತು. ಹತ್ರ ಹೋಗಿ, “ಮೇಡಂ, ಮೈ ವೈಫ್ ಗಾನ್,” ಅಂದೆ.

ಆಯಮ್ಮ ಎದೆ ಮೇಲೆ ಕೈ ಇಟ್ಕಂತು. “ಐಯಾಮ್ ಸೋ ಸಾರಿ. ವೆನ್?”

“ಜಸ್ಟ್ ನೌ! ದಟ್ ಟ್ರಾಮ್!”

ಆಯಮ್ಮ ನನ್ನ ನೋಡ್ತು, ಖಾಲಿ ಕಂಬಿ ನೋಡ್ತು, ನನ್ನ ಪಂಚೆ ನೋಡ್ತು. ಆಮೇಲೆ ಬಾಯಿಗೆ ಕೈ ಅಡ್ಡ ಇಟ್ಕಂಡು ನಗ್ತು ನೋಡಿ! ಈ ಊರಲ್ಲಿ ನಾನು ನಗಿಸಿದ ಮೊದಲ್ನೇ ಪ್ರಾಣಿ. ನಕ್ಕು ಮುಗ್ಸಿ, “ನೆಕ್ಸ್ಟ್ ಒನ್. ಸೇಮ್ ನಂಬರ್,” ಅಂತ ಬೋರ್ಡ್ ತೋರುಸ್ತು.

ಮುಂದಿನ ಟ್ರಾಮು ಬಂತು. ಅದು ಪೂರ್ತಿ ನಿಲ್ಲೋದ್ರೊಳಗೇ ಬಾಗ್ಲಿಗೆ ಮುಖ ಕೊಟ್ಟು ನಿಂತಿದ್ದೆ. ಮೊದ್ಲು ಹತ್ತಿದೋನು ನಾನೇ. (ಊರಲ್ಲಿ ಯಾರಿಗೂ ಹೇಳ್ಬೇಡಿ.)

ಒಳಗೆ ಸ್ಮಶಾನಮೌನ. ನಮ್ಮ ಬಸ್ಸಾಗಿದ್ರೆ ಎಂಗಿರ್ತಿತ್ತು? ‘ಹೆಂಡ್ತಿ ತಪ್ಪೋದ್ಲು’ ಅಂದ ತಕ್ಷಣ ಅರ್ಧ ಬಸ್ಸು ನನ್ನ ಬೈದು, ಇನ್ನರ್ಧ ಬಸ್ಸು ಡ್ರೈವರನ್ನ ಬೈದು, ಒಬ್ಬ ಮುಂದಿನ ಸ್ಟಾಪಿನ ಭಾವಮೈದನಿಗೆ ಫೋನ್ ಮಾಡಿ, ಇನ್ನೊಬ್ಬಳು ‘ಅವ್ಳ ತವರು ಯಾವೂರು’ ಅಂತ ವಿಚಾರಿಸಿರೋಳು. ಇಲ್ಲಿ ಒಬ್ರೂ ತಲೆ ಎತ್ತಲಿಲ್ಲ. ನಾನೂ ಬುಡ್ಲಿಲ್ಲ. ಮಧ್ಯದಲ್ಲಿ ನಿಂತ್ಕಂಡು ಭಾಷಣ ಬಿಗಿದೆ. “ಮೈ ವೈಫ್ ಮಿಸ್ಸಿಂಗ್! ಗ್ರೀನ್ ಸ್ಯಾರಿ! ಶಾರ್ಟ್ ಲೇಡಿ! ನೋ ಫೋನ್!”

ಸದ್ದಿಲ್ಲ. ಎಂಥ ಕಲ್ಲೆದೆ ಜನಾನಪ್ಪ ಅಂದ್ಕಂಡೆ.

ಮೊದಲ್ನೇ ಸ್ಟಾಪಲ್ಲಿ ಬಾಗ್ಲಿಂದ ತಲೆ ಆಚೆ ಹಾಕಿ, “ಜಯಾ!” ಅಂತ ಕೂಗ್ದೆ. ಇಲ್ಲ. ಎರಡನೇ ಸ್ಟಾಪಲ್ಲೂ ಇಲ್ಲ. ಮೂರನೇದ್ರಲ್ಲಿ ಒಳಕ್ಕೆ ತಿರುಗಿ ನೋಡ್ತೀನಿ, ಕೆಂಪು ಗಡ್ಡದೋನೊಬ್ಬ ಫೋನ್ ಕೆಳಗಿಟ್ಟು ಆ ಕಡೆ ಕಿಟಕಿಯಿಂದ ಸ್ಟಾಪನ್ನೆಲ್ಲ ಹುಡುಕ್ತಾವ್ನೆ. ಅವನ ಹಿಂದೆ ಒಂದು ಕಾಲೇಜು ಹುಡ್ಗಿ. ಈ ಕಡೆ ಒಬ್ಬ ಅಜ್ಜ ಕನ್ನಡಕ ಹಾಕ್ಕಂಡು ನೋಡ್ತಾವ್ನೆ. ಮಾತಿಲ್ಲ, ಕತೆಯಿಲ್ಲ. ಒಂದೊಂದು ಸ್ಟಾಪು ಬಂದಾಗ್ಲೂ ಹೊರಗೆ ನೋಡೋದು, ನನ್ನ ಕಡೆ ತಿರುಗೋದು, ಇಲ್ಲ ಅಂತ ತಲೆ ಆಡ್ಸೋದು. ಗಡ್ಡದೋನು ಇಳಿಯೋವಾಗ ತನ್ನ ಕಿಟಕಿ ಜಾಗ ಹುಡ್ಗಿಗೆ ತೋರ್ಸಿ ಇಳ್ದ. ಅಂಗೆ ನೋಡಿದ್ರೆ, ನಮ್ಮ ಬಸ್ಸಿನೋರು ಬಾಯಲ್ಲಿ ಮಾಡ್ತಿದ್ದ ಕೆಲ್ಸಾನ ಇವ್ರು ಕಣ್ಣಲ್ಲಿ ಮಾಡಿದ್ರು.

ಕೊನೇ ಸ್ಟಾಪು ಬಂತು. ಕಂಬಿ ಮುಗೀತು. ಮುಂದೆ ಸಮುದ್ರ.

ಬೆಂಚಿನ ಮೇಲೆ ಹಸಿರು ಸೀರೆ.

ಜಯಮ್ಮ ಚಪ್ಪಲಿ ಬುಟ್ಟು ಕಾಲು ಮಡಚ್ಕಂಡು ಕೂತವ್ಳೆ. ಮೈಮೇಲೆ ಯಾರದೋ ನೀಲಿ ಕೋಟು. ಪಕ್ಕದಲ್ಲಿ ಯೂನಿಫಾರಮ್ಮಿನ ಹೆಂಗ್ಸು, ಟ್ರಾಮಿನ ಡ್ರೈವರ್ರು, ಬಿಡುವಿಗೆ ಇಳ್ದವ್ಳೆ. ಆಯಮ್ಮನ ಫ್ಲಾಸ್ಕಿನ ಕಾಫಿ ಇವಳ ಕೈಲಿ, ಇವಳ ಸೆರಗಿನ ಗಂಟಲ್ಲಿದ್ದ ಕೋಡುಬಳೆ ಆಯಮ್ಮನ ಬಾಯಲ್ಲಿ. ಇವ್ಳು ಕನ್ನಡದಲ್ಲಿ, ಆಯಮ್ಮ ಅವ್ರ ಭಾಷೇಲಿ, ಇಬ್ರೂ ಒಟ್ಟೊಟ್ಟಿಗೇ ಮಾತಾಡ್ತಾವ್ರೆ!

ಸಿಕ್ಕಿದ್ಲಲ್ಲ ಅಂತ ಓಡಿ ಹೋದೆ. ಆದ್ರೂ ಬಾಯಿ ಬುಡ್ತದಾ? “ಏನಮ್ಮಿ, ಮುಂದಿನ ಸ್ಟಾಪಲ್ಲೇ ಇಳ್ಕೊಳಕ್ಕೆ ಏನಾಗಿತ್ತು ನಿನಗೆ?”

“ಬನ್ರೀ, ಕೂತ್ಕಳಿ. ಮೊದ್ಲು ಉಸಿರು ಬುಡಿ,” ಅಂದ್ಲು. “ನಾನು ಮುಂದಿನ ಸ್ಟಾಪಲ್ಲಿ ಇಳ್ದು ಈ ಕಡೆ ಬರೋದು, ನೀವು ಆ ಕಡೆ ಹೋಗೋದು, ಸಾಯಂಕಾಲದ ತಂಕ ಇಬ್ರೂ ಕಣ್ಣಾಮುಚ್ಚಾಲೆ ಆಡೋದಾ? ಮಧ್ಯದ ಸ್ಟಾಪು ಬೇಜಾನು. ಕೊನೇದು ಒಂದೇ. ಎಂಥ ದಡ್ಡನಾದ್ರೂ ಇಲ್ಲಿಗೆ ಬಂದೇ ಬತ್ತಾನೆ.”

“ಇದನ್ನೆಲ್ಲ ಯಾರು ಹೇಳ್ಕೊಟ್ರು ನಿನಗೆ?”

“ಹೆಂಗಸ್ರಿಗೆ ಬಸ್ಸು ಫ್ರೀ ಆದ್ಮೇಲೆ ನಮ್ಮ ಮಹಿಳಾ ಸಂಘದೋರೆಲ್ಲ ಧರ್ಮಸ್ಥಳ, ಕುಕ್ಕೆ, ಹೊರನಾಡು ಅಂತ ಸುತ್ತಿಲ್ವಾ? ಯಾರಾದ್ರೂ ತಪ್ಪುಸ್ಕಂಡ್ರೆ ಕೊನೇ ಸ್ಟಾಪಲ್ಲಿ ಕೂತಿರ್ಬೇಕು ಅಂತ ನಮ್ದು ರೂಲ್ಸು. ನೀವು ಎಂದಾದ್ರೂ ಕೇಳಿದ್ರಾ, ಎಂಗೆ ಹೋಗಿದ್ದೆ, ಎಂಗೆ ಬಂದೆ ಅಂತ?”

ಕೇಳಿರ್ಲಿಲ್ಲ. ಪ್ರಸಾದದ ಲಾಡು ಎಲ್ಲಿ ಅಂತ ಮಾತ್ರ ಕೇಳಿದ್ದೆ.

“ಸರಿ, ಸವಿತಾಗೆ ಹೇಳ್ಬೇಡ ಕಣಮ್ಮಿ. ಇಬ್ರಿಗೂ ಜೈಲು,” ಅಂದೆ.

“ನಾನ್ಯಾಕೆ ಹೇಳ್ಲಿ?” ಅಂದ್ಲು. ಅಷ್ಟು ಸಲೀಸಾಗಿ ಒಪ್ಕಂಡಾಗ್ಲೇ ನನಗೆ ಅನುಮಾನ ಬರಬೇಕಿತ್ತು.

ಮಗಳು ಡ್ಯೂಟಿ ಮುಗಿಸಿ ಬಂದ್ಲು. “ಎಂಗಿತ್ತಪ್ಪ ಸವಾರಿ?”

ನಾನು ಎದೆ ಉಬ್ಬಿಸಿ, “ಕೊತ್ತಂಬರಿ ಸೊಪ್ಪೇನು, ನಿಮ್ಮಮ್ಮನ್ನ ಸಮುದ್ರದ ತಂಕ ಕರ್ಕಂಡೋಗಿ ಬಂದೆ,” ಅಂದೆ.

“ಹೌದು ಕಣವ್ವ,” ಅಂದ್ಲು ಜಯಮ್ಮ, ಸೊಪ್ಪು ಬಿಡಿಸ್ತಾ. “ದಾರೀಲಿ ನಿಮ್ಮಪ್ಪ ತಪ್ಪೋಗಿದ್ರು. ನಾನು ಕೊನೇ ಸ್ಟಾಪಲ್ಲಿ ಕಾದು ಹುಡುಕ್ಕಂಡು ಬಂದೆ.”

ಪೂರ್ತಿ ಕತೆ ಕೇಳಿ ಮಗಳು ನಕ್ಕಿದ್ದು ನಕ್ಕಿದ್ದೇ. ನಕ್ಕು ಮುಗ್ಸಿ ತೀರ್ಪು ಕೊಟ್ಲು. ಮಾರನೇ ದಿನಾನೇ ಜಯಮ್ಮನ ಕೈಗೆ ಒಂದು ಹಳೇ ಫೋನು ಬಂತು, ಅದ್ರಲ್ಲಿ ತಿಂಗಳಿಡೀ ಓಡಾಡೋ ಟಿಕೆಟ್ಟು.

“ನನಗೆ?” ಅಂದೆ.

“ನೀನು ಒಬ್ನೇ ಬಾಗ್ಲು ದಾಟಂಗಿಲ್ಲ. ಅಮ್ಮ ಕರ್ಕಂಡೋದ್ರೆ ಮಾತ್ರ.”

ಅಮ್ಮ ಕರ್ಕಂಡು ಹೋಗ್ಬೇಕಲ್ಲ! ಈವತ್ತು ಬೆಳಗ್ಗೇನೇ ಜರ್ಕಿನ್ ಹಾಕ್ಕಂಡು, ಡಬ್ಬೀಲಿ ನಿಪ್ಪಟ್ಟು ತುಂಬ್ಕಂಡು ರೆಡಿ. ಆ ಡ್ರೈವರಮ್ಮನಿಗೆ ಈವತ್ತು ರಜವಂತೆ, ದೋಣೀಲಿ ಯಾವುದೋ ದ್ವೀಪ ತೋರಿಸ್ತಾಳಂತೆ. (ಒಬ್ರ ಭಾಷೆ ಒಬ್ರಿಗೆ ಬರ್ದೆ ಇಷ್ಟೆಲ್ಲ ಎಂಗೆ ಮಾತಾಯ್ತು? ದೇವ್ರಾಣೆ ಗೊತ್ತಿಲ್ಲ.)

“ನಾನೂ ಬತ್ತೀನಿ ಕಣಮ್ಮಿ.”

“ಬ್ಯಾಡ ಬುಡಿ. ದೋಣಿ ಹೊರಟ ಮೇಲೆ ಹಾರ್ತೀನಿ ಅಂತೀರಿ, ನನಗ್ಯಾಕೆ ಆ ತಲೆನೋವು? ಅನ್ನಕ್ಕಿಟ್ಬುಡಿ. ಬರೋದು ಲೇಟಾದ್ರೆ ಉಂಡು ಮಲಕ್ಕಳಿ.”

ಹೋಯ್ತು ಸವಾರಿ.

ಅನ್ನ ಆಗಿ ಆರೂ ಹೋಯ್ತು. ನಾಲ್ಕನೇ ಮಾಳಿಗೆ ಕಿಟಕೀಲಿ ಕೂತು ಒಂದೊಂದು ಟ್ರಾಮಿಂದ ಇಳಿಯೋರನ್ನೂ ಎಣಿಸ್ತಾವ್ನಿ. ಅಕ್ಕಂದಿರಾ, ಮನೇಲಿ ಕೂತು ದಾರಿ ಕಾಯೋರಿಗೆ ಹೊತ್ತು ಎಂಗ್ರಮ್ಮ ಹೋಗ್ತದೆ?